‘ಬಸ್ ಬಿಡ್ತಾ’ ಎಂಬ ನಮ್ಮ ಸೈಟು

2015ರ ಜುಲೈನಲ್ಲಿ ನಾವು ಬಿ.ಸಿ.ಎ. ಕೊನೆಯ ವರ್ಷಕ್ಕೆ ಬಂದಾಗ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಹದಿನೆಂಟು ಕಂಪ್ಯೂಟರುಗಳಿದ್ದವು. ಓಡುತ್ತಿದ್ದದ್ದು ಹನ್ನೊಂದು. ಆ ಹನ್ನೊಂದರಲ್ಲಿ ಕಿಟಕಿಯ ಪಕ್ಕದ್ದು ನಮ್ಮದು ಎಂದು ಯಾರೂ ಹೇಳದಿದ್ದರೂ ಎಲ್ಲರಿಗೂ ಗೊತ್ತಿತ್ತು. ನಾವು ಎಂದರೆ ಮೂವರು: ಹನೂರಿನ ಮಣಿಕಂಠ, ಯಳಂದೂರಿನ ದೀಪ, ಕೊಳ್ಳೇಗಾಲದ ಮಾಲಿನಿ, ಅಂದರೆ ನಾನು. ಈಗ ನಾನು ಅದೇ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಕಂಪ್ಯೂಟರುಗಳೆಲ್ಲ ಹೊಸವು ಬಂದಿವೆ, ಕಿಟಕಿಗೆ ಪರದೆ ಹಾಕಿದ್ದಾರೆ. ಆದರೂ ಆ ಮೂಲೆಗೆ ಹೋದಾಗಲೆಲ್ಲ ಕಾರಣವಿಲ್ಲದೆ ಒಂದು ಕ್ಷಣ ನಿಲ್ಲುತ್ತೇನೆ.

ಕೊನೆಯ ವರ್ಷಕ್ಕೆ ಒಂದು ಪ್ರಾಜೆಕ್ಟು ಮಾಡಬೇಕಿತ್ತು. ಎಲ್ಲರೂ ಮಾಡುತ್ತಿದ್ದದ್ದು ಗ್ರಂಥಾಲಯದ ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಪ್ರೋಗ್ರಾಂ. ಹಿಂದಿನ ವರ್ಷದವರ ಸೀಡಿ ತಂದು ಹೆಸರು ಬದಲಾಯಿಸಿದರೆ ಮುಗಿಯಿತು. ಆ ವರ್ಷ ಅತಿಥಿ ಉಪನ್ಯಾಸಕರಾಗಿ ಗುರುಪ್ರಕಾಶ್ ಸರ್ ಬಂದರು. ಕೊಳ್ಳೇಗಾಲದವರೇ, ಮನೆಯಲ್ಲಿ ರೇಷ್ಮೆ ಮಗ್ಗ ಇತ್ತು. ಮೊದಲ ದಿನವೇ ಗ್ರಂಥಾಲಯ ಬೇಡ ಎಂದುಬಿಟ್ಟರು.

"ದಿನಾ ನಿಮಗೆ ತೊಂದರೆ ಕೊಡೋದು ಏನೋ ಒಂದು ಇರುತ್ತಲ್ಲ, ಅದನ್ನ ತಗೊಳ್ಳಿ."

"ನಮ್ಗೆ ತೊಂದ್ರೆ ಕೊಡೋದು ಬಸ್ಸು ಸಾ," ಎಂದಳು ದೀಪ. ಆಗಷ್ಟೇ ಬಾಗಿಲಲ್ಲಿ ಅನುಮತಿ ಕೇಳಿ ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದಿದ್ದಳು. ಕ್ಲಾಸೆಲ್ಲ ನಕ್ಕಿತು. ಸರ್ ನಗಲಿಲ್ಲ.

"ಸರಿ, ಬಸ್ಸನ್ನೇ ಮಾಡಿ," ಎಂದರು.

ಜ್ಯಾಂಗೋ ಎಂಬ ಹೆಸರನ್ನು ನಾವು ಕೇಳಿದ್ದು ಆ ವಾರ. ಅದೊಂದು ವೆಬ್ ಫ್ರೇಮ್‌ವರ್ಕ್ ಎಂದರು ಸರ್. ಯಾವ ಸೈಟಿಗಾದರೂ ಬೇಕೇ ಬೇಕಾದ ಕೆಲಸಗಳು, ಅಂದರೆ ಹೆಸರು ಪಾಸ್‌ವರ್ಡ್ ನೋಡುವುದು, ಮಾಹಿತಿ ಇಡುವುದು, ತೆಗೆಯುವುದು, ಪುಟ ತೋರಿಸುವುದು, ಎಲ್ಲ ಅದರೊಳಗೆ ಮೊದಲೇ ಇರುತ್ತವಂತೆ. ನಮ್ಮ ಮುಖ ನೋಡಿದರು, ಅರ್ಥವಾಗಿಲ್ಲ ಎಂದು ತಿಳಿಯಿತು.

"ಮಗ್ಗ ಹೂಡಿ ಕೊಟ್ಟಿದ್ದಾರೆ ಅಂದ್ಕೊಳ್ಳಿ. ನೂಲು ನೀವು ತರಬೇಕು. ಯಾವ ಬುಟ್ಟಾ ಬರಬೇಕು ಅಂತ ನೀವು ಹೇಳಬೇಕು. ಮಗ್ಗ ಮಾಡೋದಕ್ಕೇ ಮೂರು ವರ್ಷ ಕಳೀಬೇಡಿ, ಸೀರೆ ನೇಯಿರಿ."

ನೂಲು ಇದ್ದದ್ದು ಬಸ್ ನಿಲ್ದಾಣದಲ್ಲಿ. ವಿಚಾರಣೆಯ ಕಿಟಕಿಯಲ್ಲಿ ಕೂರುತ್ತಿದ್ದವರು ಷಡಕ್ಷರಿ. ದಪ್ಪ ಕನ್ನಡಕ, ಖಾಕಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಮೊದಲ ದಿನ ನಾವು ಕೇಳಿದ್ದಕ್ಕೆ ತಲೆ ಎತ್ತದೆ "ಬೋರ್ಡ್ ನೋಡ್ಕಳ್ರವ್ವ" ಎಂದರು. ಬೋರ್ಡಿನ ಬಣ್ಣ ಅರ್ಧ ಎದ್ದುಹೋಗಿತ್ತು. ಎರಡನೆಯ ದಿನವೂ ಅದೇ ಮಾತು. ಮೂರನೆಯ ದಿನ ಅವರೇ ಕರೆದರು.

"ಏನ್ ಮಾಡೀರಿ ಇದ ತಕಂಡು?"

"ಮೊಬೈಲ್‌ನಲ್ಲಿ ತೋರಿಸ್ತೀವಿ ಸರ್. ಯಾವ ಊರಿಗೆ ಎಷ್ಟೊತ್ತಿಗೆ ಬಸ್ಸು ಅಂತ," ಎಂದೆ.

"ಮೊಬೈಲು ಇಲ್ಲಿ ಬಂದು ನಿಂತ್ಕಂಡು ಬಸ್ ನೋಡ್ತದಾ?"

"ಇಲ್ಲ ಸಾ," ಎಂದ ಮಣಿಕಂಠ.

"ಮತ್ತೆ? ನಾನೇಳ್ದಂಗೆ ಏಳ್ತದೆ. ಬರ್ಕಳಿ."

ಮಧ್ಯಾಹ್ನ ಮೂರರ ಮೇಲೆ ಜನ ಕಡಿಮೆಯಾದಾಗ ಅವರು ದಿನಕ್ಕೊಂದು ದಾರಿಯಂತೆ ಹೇಳಿದರು. ಒಂದು ದಿನ ಹನೂರು ರಸ್ತೆ, ಒಂದು ದಿನ ಯಳಂದೂರು ರಸ್ತೆ, ಒಂದು ದಿನ ಹೊಳೆಯ ಕಡೆಯ ಊರುಗಳು. ಎದುರಿಗೆ ಕಾಗದ ಇಟ್ಟುಕೊಳ್ಳುತ್ತಿರಲಿಲ್ಲ. ಹನ್ನೊಂದು ದಿನ ಹಿಡಿಯಿತು. ನಡುವೆ ಯಾರಾದರೂ ಕಿಟಕಿಗೆ ಬಂದರೆ ಅವರಿಗೆ ಉತ್ತರ ಕೊಟ್ಟು, ಬಿಟ್ಟ ಊರಿನಿಂದಲೇ ಮತ್ತೆ ಶುರು ಮಾಡುತ್ತಿದ್ದರು.

"ಬೋರ್ಡಿನ ಟೈಮೇ ಬ್ಯಾರೆ, ಬಸ್ಸಿನ ಟೈಮೇ ಬ್ಯಾರೆ ಕಣವ್ವ. ಎರಡ್ನೂ ಬರ್ಕೊ. ಅಮಾಸೆ ದಿನ ಬೆಟ್ಟದ ದಾರೀಲಿ ನಾನೇಳಿದ್ದು ಒಂದೂ ನಡಿಯಾಕಿಲ್ಲ. ಅವತ್ತು ಇದ ನಂಬ್ಬೇಡಿ ಅಂತ ದಪ್ಪಕ್ಷರದಲ್ಲಿ ಹಾಕಿ."

ದೀಪ ಕ್ಯಾಲೆಂಡರು ಮುಂದಿಟ್ಟುಕೊಂಡು ವರ್ಷದ ಅಮಾವಾಸ್ಯೆಗಳನ್ನೆಲ್ಲ ಟೈಪ್ ಮಾಡಿದಳು. ಮಲೆ ಮಹದೇಶ್ವರ ಬೆಟ್ಟಕ್ಕೆ ಅವತ್ತು ಭಕ್ತರ ದಂಡು ತುಂಬಿಕೊಂಡು ಹೋಗುವ ಬಸ್ಸುಗಳಿಗೆ ಹೊತ್ತು ಗೊತ್ತು ಇರುವುದಿಲ್ಲ. ಹಾಗಾಗಿ ಪ್ರತಿ ಅಮಾವಾಸ್ಯೆಗೂ ನಮ್ಮ ಪುಟದಲ್ಲಿ ಕೆಂಪು ಪಟ್ಟಿಯೊಂದು ತಾನಾಗಿ ಬರುತ್ತಿತ್ತು. ಆ ಪಟ್ಟಿಯ ಬಗ್ಗೆ ನಮಗೆ ಉಳಿದೆಲ್ಲಕ್ಕಿಂತ ಹೆಚ್ಚು ಹೆಮ್ಮೆ.

ಹೆಸರು ಇಟ್ಟವನು ಮಣಿಕಂಠ. ಹನ್ನೊಂದು ದಿನ ಆ ಕಿಟಕಿಯ ಪಕ್ಕ ನಿಂತಾಗ ನಮ್ಮ ಕಿವಿಗೆ ಬಿದ್ದ ಪ್ರಶ್ನೆ ಒಂದೇ. ಹಣ್ಣಿನ ಚೀಲ ಹೊತ್ತವರು, ಮಗು ಎತ್ತಿಕೊಂಡವರು, ಓಡಿ ಬಂದು ಏದುಸಿರು ಬಿಡುವವರು, ಎಲ್ಲರೂ ಕೇಳುತ್ತಿದ್ದದ್ದು "ಬಸ್ ಬಿಡ್ತಾ?" ಎಂದೇ. ಸೈಟಿಗೆ ಅದೇ ಹೆಸರಾಯಿತು.

ಸೈಟು ಕಟ್ಟಿದ ಆ ಆರು ವಾರ ಲ್ಯಾಬು ಬಿಟ್ಟು ನಮಗೆ ಬೇರೆ ಊರೇ ಇರಲಿಲ್ಲ. ಮೊದಲ ಸಲ ಬ್ರೌಸರಿನಲ್ಲಿ ಹನೂರು ಕಡೆಯ ‘ಶಾಗ್ಯ’ ಎಂಬ ಊರಿನ ಹೆಸರು ಕಾಣಿಸಿಕೊಂಡಾಗ ದೀಪ ನನ್ನ ಜಡೆ ಹಿಡಿದು ಎಳೆದಳು. ತಪ್ಪುಗಳಿಗೂ ಲೆಕ್ಕವಿರಲಿಲ್ಲ. ‘ಬಸ್ ಈಗ ಬಿಡ್ತು’ ಎಂಬ ಗುಂಡಿಯನ್ನು ಮಧ್ಯಾಹ್ನ ಮೂರೂ ನಲವತ್ತಕ್ಕೆ ಒತ್ತಿದರೆ ಪುಟದಲ್ಲಿ ಬೆಳಿಗ್ಗೆ ಹತ್ತೂ ಹತ್ತು ಎಂದು ಬರುತ್ತಿತ್ತು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಅದು ಇಂಗ್ಲೆಂಡಿನ ಕಡೆಯ ಗಡಿಯಾರ ನೋಡಿ ಹೇಳುತ್ತಿದೆ ಎಂದು. ಸೆಟ್ಟಿಂಗ್ಸ್ ಫೈಲಿನಲ್ಲಿ ಒಂದು ಸಾಲು ಬದಲಾಯಿಸಬೇಕಿತ್ತು, ಅಷ್ಟೆ.

ಇನ್ನೊಂದು ತಪ್ಪು ನಮಗೆ ತಿಳಿದದ್ದು ಸೈಟು ಶುರುವಾದ ಮೇಲೆ. ಜನ ಏನು ಹುಡುಕಿದರು ಎಂಬುದನ್ನು ಅದು ಬರೆದಿಟ್ಟುಕೊಳ್ಳುತ್ತಿತ್ತು. ನೋಡಿದರೆ ಅರ್ಧಕ್ಕರ್ಧ ಜನ ‘ಅನೂರು’ ಎಂದು ಹುಡುಕಿದ್ದರು, ಸೈಟು ಅಂಥ ಊರಿಲ್ಲ ಎಂದಿತ್ತು.

"ನಮ್ಮೂರ್ನೇ ಇಲ್ಲ ಅಂದುಬುಡ್ತಲ್ಲಾ," ಎಂದ ಮಣಿಕಂಠ. ಅವನ ಅವ್ವ ರಂಗಮ್ಮನೂ ಅನೂರು ಎಂದೇ ಅನ್ನುತ್ತಿದ್ದರಂತೆ. ಅವತ್ತೇ ಪ್ರತಿ ಊರಿಗೂ ಜನ ಕರೆಯುವ ಹೆಸರನ್ನು ಸೇರಿಸಿದೆವು.

ಸೈಟು ನಡೆದದ್ದು ಸಹಪಾಠಿಗಳಿಂದ. ಒಂದೊಂದು ಊರಿನಿಂದ ಬರುವ ಹುಡುಗ ಹುಡುಗಿಯರು, ಒಟ್ಟು ಇಪ್ಪತ್ತಮೂರು ಜನ, ಬಸ್ಸು ಹತ್ತಿದ ಕೂಡಲೇ ಮೊಬೈಲಿನಲ್ಲಿ ಗುಂಡಿ ಒತ್ತುತ್ತಿದ್ದರು. ಅದನ್ನು ನೋಡಿ ಮುಂದಿನ ಊರಿನವರು ಮನೆಯಿಂದ ಹೊರಡುತ್ತಿದ್ದರು. ಸಮಯವೇ ಬದಲಾದರೆ ಷಡಕ್ಷರಿಯವರು ನನ್ನ ನಂಬರಿಗೆ ಮಿಸ್ಡ್ ಕಾಲ್ ಕೊಡುತ್ತಿದ್ದರು. ನಾನು ತಿರುಗಿ ಮಾಡಿದರೆ ‘ಹಲೋ’ ಕೂಡ ಇಲ್ಲದೆ "ನಾಳಿದ್ದಿಂದ ಒಂಬತ್ತೂ ಕಾಲಿನದು ಒಂಬತ್ತೂವರೆ" ಎಂದು ಇಟ್ಟುಬಿಡುತ್ತಿದ್ದರು.

ಡಿಸೆಂಬರಿನ ಹೊತ್ತಿಗೆ ದಿನಕ್ಕೆ ಆರುನೂರು ಏಳುನೂರು ಜನ ನೋಡುತ್ತಿದ್ದರು. ಬಸ್ಸಿನಲ್ಲಿ ಗುರುತಿಲ್ಲದವರ ಕೈಯಲ್ಲಿ ನಮ್ಮ ಪುಟ ಕಂಡಾಗ ಆಗುತ್ತಿದ್ದ ಸಂತೋಷ ಆಮೇಲೆ ಯಾವ ಕೆಲಸದಲ್ಲೂ ನನಗೆ ಸಿಕ್ಕಿಲ್ಲ. ನಾವೇ ಮಾಡಿದ್ದು ಎಂದು ಹೇಳುತ್ತಿರಲಿಲ್ಲ. ಸುಮ್ಮನೆ ಪಕ್ಕದ ಸೀಟಿನಲ್ಲಿ ಕೂತಿರುತ್ತಿದ್ದೆವು.

ಫೆಬ್ರವರಿ ಕೊನೆಗೆ ಷಡಕ್ಷರಿಯವರು ನಿವೃತ್ತರಾದರು. ನಮಗೆ ಗೊತ್ತೇ ಆಗಲಿಲ್ಲ. ಆ ವಾರ ಚಾಮರಾಜನಗರದಲ್ಲಿ ಪ್ರಾಜೆಕ್ಟುಗಳ ಪ್ರದರ್ಶನವಿತ್ತು, ನಾವು ಅಲ್ಲಿ ನಿಂತು ಬಂದವರಿಗೆಲ್ಲ ಕೆಂಪು ಪಟ್ಟಿ ತೋರಿಸುತ್ತಿದ್ದೆವು. ಎರಡನೆಯ ಬಹುಮಾನ ಬಂತು. ಆಮೇಲೆ ನಮ್ಮ ಇಂಟರ್ನಲ್ ಪರೀಕ್ಷೆ. ಮಿಸ್ಡ್ ಕಾಲ್ ಬಂದಿಲ್ಲ ಎಂಬುದು ಯಾರ ಗಮನಕ್ಕೂ ಬರಲಿಲ್ಲ.

ಮಾರ್ಚಿನ ಒಂದು ಸೋಮವಾರ ಸಂಜೆ ಸೈಟಿನ ಅಭಿಪ್ರಾಯದ ಪುಟಕ್ಕೆ ಒಂದು ಸಂದೇಶ ಬಂತು. "ನಿಮ್ಮ ಸೈಟ್ ನೋಡಿ ಹೊರಟು ನನಗೆ ಇವತ್ತು ಪರೀಕ್ಷೆ ತಪ್ಪಿಹೋಯಿತು. ಪವಿತ್ರ, ಶಾಗ್ಯ."

ಅಷ್ಟೇ ಇತ್ತು. ಮೂವರೂ ಒಂದೇ ಪರದೆಯ ಮುಂದೆ ಕೂತು ಓದಿದೆವು. ದೀಪ ಎದ್ದು ಬಸ್ ನಿಲ್ದಾಣಕ್ಕೆ ಓಡಿದಳು. ಅರ್ಧ ಗಂಟೆಗೆ ಬಂದು ಹೇಳಿದಳು: ಶಾಗ್ಯದಿಂದ ಬೆಳಿಗ್ಗೆ ಏಳೂ ಐವತ್ತಕ್ಕೆ ಹೊರಡುತ್ತಿದ್ದ ಬಸ್ಸು ಅವತ್ತಿನಿಂದ ಏಳೂ ಇಪ್ಪತ್ತೈದಕ್ಕೆ. ನಿಲ್ದಾಣದಲ್ಲಿ ಐದು ದಿನ ಮೊದಲೇ ಚೀಟಿ ಅಂಟಿಸಿದ್ದರು. ನಾವು ಹೋಗಿ ನೋಡಿರಲಿಲ್ಲ.

"ಸಾರಿ ಅಂತ ಬರ್ದು ಕಳ್ಸವಾ," ಎಂದ ಮಣಿಕಂಠ. ಅವನ ದನಿ ಸಣ್ಣಗಾಗಿತ್ತು.

ಗುರುಪ್ರಕಾಶ್ ಸರ್‌ಗೆ ಹೇಳಿದೆವು. ಅವರು ಬಯ್ಯಲಿಲ್ಲ. "ಅವಳು ಊರು ಬರೆದಿದ್ದಾಳೆ ತಾನೇ? ಹೋಗಿ ಬನ್ನಿ," ಎಂದಷ್ಟೇ ಹೇಳಿ ರಿಜಿಸ್ಟರಿನ ಕಡೆ ಕಣ್ಣು ತಿರುಗಿಸಿದರು.

ಭಾನುವಾರ ಹೋದೆವು. ಶಾಗ್ಯದಲ್ಲಿ ಪವಿತ್ರಳ ಮನೆ ಕೇಳಿದರೆ ‘ಸದಾಶಿವಪ್ಪನೋರ ಮನೆಯಾ’ ಎಂದು ಒಬ್ಬರು ಬಾಗಿಲವರೆಗೆ ಬಿಟ್ಟುಹೋದರು. ಅಂಗಳದಲ್ಲಿ ರೇಷ್ಮೆಗೂಡು ಬಿಡಿಸಿದ ಬಿದಿರಿನ ಚಂದ್ರಂಕಿ ತಟ್ಟೆಗಳನ್ನು ತೊಳೆದು ಬಿಸಿಲಿಗೆ ಒರಗಿಸಿದ್ದರು. ಅವಳ ತಾಯಿ ಬಸವಮ್ಮ ನಮ್ಮನ್ನು ನೋಡಿ, ಯಾರು ಎಂದು ಕೇಳುವ ಮೊದಲೇ ನೀರು ತಂದುಕೊಟ್ಟರು. ನಾವು ಯಾರೆಂದು ಹೇಳಿದ ಮೇಲೆ ಒಳಗೆ ಹೋಗಿ ಗಂಡನನ್ನು ಕರೆದರು.

ಸದಾಶಿವಪ್ಪ ಟವೆಲು ಕೊಡವಿಕೊಂಡು ಜಗಲಿಯ ಮೇಲೆ ಕೂತರು. ಹಣೆಯಲ್ಲಿ ವಿಭೂತಿ, ನಿಧಾನದ ಮಾತು.

"ಕುಂತ್ಕಳಿ. ನಾನೇನು ನಿಮ್ಮ ಬಯ್ಯಾಕಿಲ್ಲ. ಸೋಮವಾರದಿಂದ ಬಸ್ಸು ಬೇಗ ಬಿಡ್ತದಂತೆ ಅಂತ ಟೀ ಅಂಗ್ಡೀಲಿ ಕೇಳಿದ್ದೆ. ಮನೇಲಿ ಏಳ್ದೆ. ಇವ್ಳು ಪೋನ್ ತೋರ್ಸಿ, ಇಲ್ಲ ಕಣಪ್ಪ, ಏಳೂ ಐವತ್ತೇ, ಇಲ್ಲಿ ಬರ್ದವ್ರೆ ಅಂದ್ಲು. ನಾನು ಗೂಡು ತಕಂಡು ಮುಂಜಾನೇನೆ ಕೊಳ್ಳೇಗಾಲಕ್ಕೆ ಒಂಟೋದೆ."

ಟವೆಲನ್ನು ಹೆಗಲಿಗೆ ಹಾಕಿಕೊಂಡು ಮುಂದುವರಿಸಿದರು.

"ಅಪ್ಪನ ಮಾತಿಗಿಂತ ನಿಮ್ಮ ಮಾತ ನಂಬುದ್ಲು. ಅಷ್ಟು ನಂಬೋ ಅಂಗೆ ಮಾಡುದ್ಮೇಲೆ ನೋಡ್ಕಬೇಕಲ್ವ್ರಾ ನೀವು?"

ಮಣಿಕಂಠ ನೆಲ ನೋಡುತ್ತಿದ್ದ. ದೀಪಳ ಕಣ್ಣು ತುಂಬಿತ್ತು.

ಪವಿತ್ರ ಬಾಗಿಲ ಹಿಂದಿನಿಂದ ಈಚೆಗೆ ಬಂದಳು. ಎರಡನೆಯ ಪಿ.ಯು.ಸಿ., ಸಣ್ಣ ಮೈಕಟ್ಟು, ಎಣ್ಣೆ ಹಚ್ಚಿ ಬಿಗಿದು ಹೆಣೆದ ಜಡೆ. ಅವತ್ತು ಬಸ್ಸು ಹೋದ ಮೇಲೆ ಅವಳು ರಸ್ತೆಯಲ್ಲಿ ಓಡುತ್ತ ನಡೆಯುತ್ತ ಸಾಗಿ, ಹಾಲಿನ ಗಾಡಿಯೊಂದನ್ನು ಕೈ ಅಡ್ಡ ಹಾಕಿ ನಿಲ್ಲಿಸಿ ಹನೂರು ಮುಟ್ಟಿದ್ದಳು. ಅಷ್ಟರಲ್ಲಿ ಅರ್ಥಶಾಸ್ತ್ರದ ಪತ್ರಿಕೆ ಶುರುವಾಗಿ ಮುಕ್ಕಾಲು ಗಂಟೆ ಆಗಿತ್ತು. ನಿಯಮದಂತೆ ಒಳಗೆ ಬಿಡುವ ಹಾಗಿರಲಿಲ್ಲ. ಇದನ್ನೆಲ್ಲ ಅವಳು ಅಳದೆ, ಬೇರೆ ಯಾರದೋ ಸಂಗತಿ ಎಂಬಂತೆ ಹೇಳಿದಳು. ಆಮೇಲೆ ಕೇಳಿದಳು:

"ಅಕ್ಕ, ಆ ಏಳೂ ಐವತ್ತು ಅನ್ನೋದ ನೀವು ಯಾವತ್ತು ಹಾಕಿದ್ದು?"

"ಆಗಸ್ಟ್‌ನಲ್ಲಿ," ಎಂದೆ.

"ಮತ್ತೆ ಅದ್ಯಾಕೆ ಅಲ್ಲಿ ಬರ್ದಿಲ್ಲ? ಆಗಸ್ಟ್‌ನಲ್ಲಿ ನೋಡಿದ್ದು ಅಂತ ಇದ್ದಿದ್ರೆ ನಮ್ಮಪ್ಪನ ಮಾತ ನಂಬ್ತಿದ್ದೆ. ಎಲ್ಲಾ ಇವತ್ತೇ ಬರ್ದಂಗೆ ಕಾಣ್ತದೆ ನಿಮ್ದು."

ಪ್ರದರ್ಶನದಲ್ಲಿ ಬಹುಮಾನ ಕೊಟ್ಟವರು ಹತ್ತಾರು ಪ್ರಶ್ನೆ ಕೇಳಿದ್ದರು. ಯಾರೂ ಇದನ್ನು ಕೇಳಿರಲಿಲ್ಲ.

ಬಸವಮ್ಮ ಊಟ ಮಾಡದೆ ಹೋಗಲು ಬಿಡಲಿಲ್ಲ. "ಪರೀಕ್ಷೆ ಜೂನ್‌ನಲ್ಲೂ ಕೊಡ್ತಾರಂತಲ್ಲ, ಉಣ್ಣಿ ಮೊದ್ಲು," ಎಂದು ಮುದ್ದೆ, ಉಪ್ಸಾರು ಬಡಿಸಿದರು. ಹೊರಡುವಾಗ ನಾನು ಪವಿತ್ರಳಿಗೆ, ಜೂನಿನ ಪೂರಕ ಪರೀಕ್ಷೆಗೆ ಬೇಕಾದ ನೋಟ್ಸ್ ಹುಡುಕಿ ತರುತ್ತೇನೆ, ಪ್ರತಿ ಭಾನುವಾರ ಬರುತ್ತೇನೆ ಎಂದೆ. ಅವಳು "ಬಸ್ ಟೈಮ್ ನೋಡ್ಕಂಡು ಬನ್ನಿ" ಎಂದಳು. ಸದಾಶಿವಪ್ಪನವರು ಅವತ್ತು ಮೊದಲ ಸಲ ನಕ್ಕರು.

ಮರುದಿನ ಷಡಕ್ಷರಿಯವರ ಮನೆ ಹುಡುಕಿಕೊಂಡು ಹೋದೆವು. ನಿವೃತ್ತಿಯ ದಿನ ಬರಲಿಲ್ಲ ಎಂದು ಕ್ಷಮೆ ಕೇಳಿದರೆ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಶಾಗ್ಯದ ಹುಡುಗಿಯ ಸಂಗತಿ ಕೇಳಿ ಚಪ್ಪಲಿ ಮೆಟ್ಟಿ ನಮ್ಮ ಜೊತೆ ನಿಲ್ದಾಣಕ್ಕೆ ಬಂದರು. ಬಿಳಿ ಅಂಗಿಯಲ್ಲಿ ಅವರನ್ನು ನಾವು ನೋಡಿದ್ದು ಅದೇ ಮೊದಲು. ಇಪ್ಪತ್ತೆರಡು ವರ್ಷ ಕೂತ ಕಿಟಕಿಯ ಹೊರಗೆ, ಜನರ ಸಾಲಿನಲ್ಲಿ ನಿಂತು, ಒಳಗಿದ್ದ ಹೊಸಬರ ಹತ್ತಿರ ಒಂದೊಂದೇ ಸಮಯ ಕೇಳಿ ನಮಗೆ ಬರೆಸಿದರು. ಮುಗಿದ ಮೇಲೆ ಕೈ ಒರೆಸಿಕೊಂಡು, "ಇನ್ಮೇಲೆ ನೀವೇ ಬಂದು ಕೇಳ್ಬೇಕು ಕಣ್ರವ್ವ," ಎಂದು ಮನೆಯ ಕಡೆ ನಡೆದರು.

ಆ ತಿಂಗಳು ನಾವು ಸೈಟನ್ನು ಮತ್ತೆ ಬಿಚ್ಚಿ ಕಟ್ಟಿದೆವು. ಪ್ರತಿ ಬಸ್ಸಿನ ಪಕ್ಕ ಹೊಸದೊಂದು ಮಾತು ಬಂತು: ‘ಕಂಡವರು’. ಯಾರು ಆ ಬಸ್ಸನ್ನು ಕಣ್ಣಾರೆ ಕಂಡರು, ಯಾವ ದಿನ ಕಂಡರು. ವಾರವಾದರೆ ಆ ಸಾಲು ಮಸುಕಾಗುತ್ತಿತ್ತು. ಹದಿನೈದು ದಿನ ಯಾರೂ ಕಾಣದಿದ್ದರೆ ಪುಟದಿಂದಲೇ ಮರೆಯಾಗುತ್ತಿತ್ತು. ಪುಟ ಮೊದಲಿನಷ್ಟು ತುಂಬಿಕೊಂಡು ಕಾಣುತ್ತಿರಲಿಲ್ಲ. ಕೆಲವು ಊರುಗಳಿಗೆ ದಿನಕ್ಕೆ ಒಂದೇ ಬಸ್ಸು ಉಳಿಯಿತು. ಗುರುಪ್ರಕಾಶ್ ಸರ್ ಅದನ್ನು ಬಹಳ ಹೊತ್ತು ನೋಡಿ, "ಈಗ ಪ್ರಾಜೆಕ್ಟ್ ಆಯ್ತು," ಎಂದರು.

ಪವಿತ್ರ ಜೂನ್‌ನಲ್ಲಿ ಅರ್ಥಶಾಸ್ತ್ರ ಬರೆದು ಎಪ್ಪತ್ತೊಂದು ಅಂಕ ತೆಗೆದಳು. ಅದೇ ವರ್ಷ ಕೊಳ್ಳೇಗಾಲದಲ್ಲಿ ಬಿ.ಎ.ಗೆ ಸೇರಿದಳು. ನಮ್ಮದು ಅಷ್ಟರಲ್ಲಿ ಮುಗಿದಿತ್ತು. ಸೈಟನ್ನು ಯಾರಿಗೆ ಕೊಡುವುದು ಎಂಬ ಮಾತು ಬಂದಾಗ ಕಂಪ್ಯೂಟರು ಓದುವ ಕಿರಿಯರು ಇದ್ದರು. ಆದರೆ ಮೂವರ ಬಾಯಲ್ಲೂ ಬಂದದ್ದು ಅವಳ ಹೆಸರೇ. ಜ್ಯಾಂಗೋದಲ್ಲಿ ಅಡ್ಮಿನ್ ಎಂಬ ಪುಟವೊಂದು ಸಿದ್ಧವಾಗಿಯೇ ಬರುತ್ತದೆ. ಪ್ರೋಗ್ರಾಂ ಬರೆಯಲು ಬಾರದವರೂ ಅದರಲ್ಲಿ ಸಮಯ ತಿದ್ದಬಹುದು, ಹೊಸಬರನ್ನು ಸೇರಿಸಬಹುದು. ನಾಲ್ಕು ಶನಿವಾರ ಕೂತು ಅವಳಿಗೆ ಅದನ್ನು ಕಲಿಸಿದೆ. ಐದನೆಯ ಶನಿವಾರ ಅವಳೇ ಕರೆದು, ಯಳಂದೂರು ದಾರಿಯಲ್ಲಿ ಒಂದು ಊರು ಎರಡು ಸಲ ಬಂದಿದೆ ಎಂದು ನನ್ನ ತಪ್ಪು ತೋರಿಸಿದಳು.

ಆಮೇಲೆ ನಾವು ಚದುರಿದೆವು. ನಾನು ಮೈಸೂರಿಗೆ ಎಂ.ಎಸ್ಸಿ.ಗೆ ಹೋದೆ. ಮಣಿಕಂಠ ಹನೂರಿನಲ್ಲಿ ಆನ್‌ಲೈನ್ ಸೆಂಟರು ತೆರೆದು ಪಹಣಿ, ಅರ್ಜಿ ಎಂದು ಕೂತ. ದೀಪಳಿಗೆ ಯಳಂದೂರಿನ ಸಹಕಾರ ಸಂಘವೊಂದರಲ್ಲಿ ಕೆಲಸವಾಯಿತು. ಎಲ್ಲರ ಫೋನಿಗೂ ವಾಟ್ಸಾಪ್ ಬಂತು. ಊರೂರಿಗೂ ಗುಂಪುಗಳಾದವು, ಬಸ್ಸು ಬಿಟ್ಟಿತೇ ಎಂದು ಅಲ್ಲೇ ಕೇಳಿಕೊಳ್ಳುತ್ತಿದ್ದರು. ನಮ್ಮ ಸೈಟು ನಿಂತುಹೋಗಿರುತ್ತದೆ ಎಂದು ನಾನು ಅಂದುಕೊಂಡೆ. ಪವಿತ್ರಳನ್ನು ಕೇಳಲೂ ಇಲ್ಲ. ಕೇಳಿ, ‘ನಿಂತಿದೆ ಅಕ್ಕ’ ಎಂದು ಅವಳ ಬಾಯಲ್ಲಿ ಬರುವುದು ಬೇಡವಾಗಿತ್ತು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಯಿತು. ಅಷ್ಟರಲ್ಲಿ ನಾನು ಅತಿಥಿ ಉಪನ್ಯಾಸಕಿಯಾಗಿ ಕಾಲೇಜಿಗೆ ಮರಳಿದ್ದೆ. ಒಂದು ಮಧ್ಯಾಹ್ನ ಮನೆಯಲ್ಲಿ ಹಳೆಯ ಫೋಲ್ಡರುಗಳನ್ನು ತೆಗೆದು ನೋಡುತ್ತಿದ್ದಾಗ ಕೈ ತಡೆಯದೆ ಆ ವಿಳಾಸ ಟೈಪ್ ಮಾಡಿದೆ. ಪುಟ ತೆರೆಯಿತು. ತಲೆಯಲ್ಲಿ ಹೆಸರಿನ ಹಿಂದೆ ಅದೇ ಹಸಿರು ಪಟ್ಟಿ, ಮಣಿಕಂಠ ಹಟ ಹಿಡಿದು ಹಾಕಿಸಿದ್ದ ಅದೇ ದಪ್ಪ ಅಕ್ಷರ. ಶಾಗ್ಯ ಎಂದು ಒತ್ತಿದೆ.

‘7:25. ಇವತ್ತು ಬಸ್ ಇಲ್ಲ. ಕಂಡವರು: ಪವಿತ್ರ, ಬುಧವಾರ.’

ಅವತ್ತು ಬುಧವಾರವೇ. ಹಿಂದಿನ ದಿನ ನೋಡಿದೆ. ಇಲ್ಲ, ಕಂಡವರು ಪವಿತ್ರ. ಅದರ ಹಿಂದಿನ ದಿನವೂ ಹಾಗೆಯೇ. ಬಸ್ಸುಗಳು ನಿಂತ ಮೊದಲ ದಿನದಿಂದ ಒಂದು ದಿನವೂ ಬಿಟ್ಟಿರಲಿಲ್ಲ. ಅದಕ್ಕೂ ಹಿಂದೆ ಹೋದೆ. ನಾಲ್ಕು ವರ್ಷ ತಡೆಯಿಲ್ಲದೆ ಸಾಲುಗಳಿದ್ದವು. ಹೆಸರುಗಳು ಬದಲಾಗುತ್ತ ಹೋಗಿದ್ದವು, ನನಗೆ ಗೊತ್ತಿಲ್ಲದ ಹುಡುಗ ಹುಡುಗಿಯರು. ಆದರೆ ಪುಟ ಖಾಲಿಯಾಗಿರಲಿಲ್ಲ.

ಕೂಡಲೇ ಅವಳಿಗೆ ಫೋನ್ ಮಾಡಿದೆ.

"ಬಸ್ಸೇ ಇಲ್ವಲ್ಲ ಪವಿತ್ರ, ದಿನಾ ಯಾಕೆ ಹಾಕ್ತಿದ್ದೀಯ?"

"ಹಾಕ್ದಿದ್ರೆ ಹದಿನೈದು ದಿನಕ್ಕೆ ಎಲ್ಲಾ ಮರೆಯಾಗೋಯ್ತದಲ್ಲಕ್ಕ. ಪುಟ ಬರಿದಾಗಿದ್ರೆ ಸೈಟು ಕೆಟ್ಟೋಗದೆ ಅಂದ್ಕಂಡು ಬಸ್ಸಿಗೆ ಬಂದು ನಿಂತ್ಕತಾರೆ. ಇಲ್ಲ ಅಂತ ಕಂಡ್ರೆ ಬರಾಕಿಲ್ಲ."

"ಈಗಲೂ ನೋಡೋರು ಇದ್ದಾರಾ?"

"ನೆನ್ನೆ ಒಂಬತ್ತು ಜನ ನೋಡವ್ರೆ," ಎಂದಳು. ಲೆಕ್ಕ ನೋಡಿಕೊಂಡು, "ಈಗ ನೀವು ನೋಡಿದ್ದು ಸೇರುದ್ರೆ ಇವತ್ತು ನಾಲ್ಕು."

ಫೋನಿಟ್ಟ ಮೇಲೆ ನಾನು ಬಹಳ ಹೊತ್ತು ಅಡುಗೆಮನೆಯ ಕಿಟಕಿಯ ಬಳಿ ನಿಂತಿದ್ದೆ. ನಿಲ್ದಾಣದ ಕಡೆಯಿಂದ ಒಂದು ಹಾರ್ನೂ ಕೇಳುತ್ತಿರಲಿಲ್ಲ. ಮೇ ತಿಂಗಳ ಮೂರನೆಯ ವಾರ ಬಸ್ಸುಗಳು ಮತ್ತೆ ಶುರುವಾದವು. ಅದಾಗಿ ಕೆಲವು ದಿನಕ್ಕೆ ಬೆಳಿಗ್ಗೆ ಏಳೂವರೆಗೆ ಪುಟ ತೆರೆದೆ. ‘ಶಾಗ್ಯ. 7:25. ಬಿಡ್ತು. ಮುಖಕ್ಕೆ ಮಾಸ್ಕ್ ಇರಲಿ. ಕಂಡವರು: ಪವಿತ್ರ, ಈಗ.’ ಅದನ್ನು ಫೋಟೋ ತೆಗೆದು ದೀಪಳಿಗೂ ಮಣಿಕಂಠನಿಗೂ ಕಳಿಸಿದೆ. ದೀಪ ಫೋನ್ ಮಾಡಿದಳು, ಅವಳು ಮೂಗು ಒರೆಸಿಕೊಳ್ಳುವ ಸದ್ದು ಕೇಳಿಸಿತು.

2023ರಲ್ಲಿ ಸೈಟು ಇರಿಸಿದ್ದ ಕಂಪನಿಯಿಂದ ಪತ್ರ ಬಂತು. ನಾವು ಬಳಸಿದ್ದ ಜ್ಯಾಂಗೋ ತೀರ ಹಳೆಯದು, ಇಂಥ ದಿನಾಂಕದಿಂದ ಅದು ಓಡುವುದಿಲ್ಲ, ಹೊಸದಕ್ಕೆ ಬದಲಾಯಿಸಿಕೊಳ್ಳಿ ಎಂದು. ನನಗೆ ಅದು ಒಂದು ವಾರದ ಕೆಲಸ. ಮಾಡಿಕೊಡುತ್ತೇನೆ ಎಂದು ಪವಿತ್ರಳಿಗೆ ಹೇಳಿದೆ. ಅಷ್ಟರಲ್ಲಿ ಅವಳು ಶಾಗ್ಯದ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುತ್ತಿದ್ದಳು.

"ಬ್ಯಾಡಿ ಅಕ್ಕ," ಎಂದಳು. "ಒಂದು ವರ್ಷದಿಂದ ಕಂಡವ್ರು ಅಂತ ನನ್ನ ಹೆಸರೊಂದೇ ಅದೆ. ಕಾಲೇಜಿನ ಹುಡುಗ್ರು ಯಾರೂ ಸೇರ್ತಾ ಇಲ್ಲ, ಅವ್ರಿಗೆ ಬೇಕಾಗಿಲ್ಲ. ನಾನು ಶಾಗ್ಯದಲ್ಲಿ ಕುಂತು ಯಳಂದೂರಿನ ಬಸ್ಸ ಕಾಣಾಕಾಗ್ತದಾ?"

ಒಂದು ಶನಿವಾರ ಮಧ್ಯಾಹ್ನ ನಾಲ್ವರೂ ಕಾಲೇಜಿನ ಲ್ಯಾಬಿನಲ್ಲಿ ಸೇರಿದೆವು. ದೀಪ ಮಗಳನ್ನು ಅತ್ತೆಯ ಬಳಿ ಬಿಟ್ಟು ಬಂದಿದ್ದಳು. ಮಣಿಕಂಠನ ತಲೆಯಲ್ಲಿ ಬಿಳಿ ಕೂದಲು ಕಂಡು ಅವಳು ಲೇವಡಿ ಮಾಡಿದಳು. ಎಂಟು ವರ್ಷದ ಸಾಲುಗಳನ್ನೆಲ್ಲ ಒಂದು ಫೈಲಿಗೆ ಇಳಿಸಿಕೊಂಡೆವು, ಮೂವತ್ತೊಂದು ಸಾವಿರ ಚಿಲ್ಲರೆ. ಇಳಿಯುವವರೆಗೆ ಸುಮ್ಮನೆ ಒಂದೊಂದನ್ನೇ ಓದುತ್ತ ಕೂತೆವು. ಮಳೆಗೆ ನಿಂತ ಬಸ್ಸು, ಟೈರು ಪಂಚರಾದ ಬಸ್ಸು, ‘ಡ್ರೈವರ್ ಅಣ್ಣ ಟೀ ಕುಡೀತಾವ್ರೆ’ ಎಂದು ಯಾರೋ ಬರೆದದ್ದು.

"ಲೇ ಮಣಿಕಂಠ," ಎಂದಳು ದೀಪ, "2016ರ ಡಿಸೆಂಬರ್ ಪೂರ್ತಿ ಬೆಳಿಗ್ಗೆ ಆರೂ ಹತ್ತರ ಬಸ್ಸಿಗೆ ಕಂಡವ್ರು ಅಂತ ನಿನ್ನ ಹೆಸರೈತೆ. ಆರು ಗಂಟೆಗೆ ನೀನ್ಯಾವತ್ತು ಎದ್ದಿದ್ದೀಯ?"

ಮಣಿಕಂಠ ನಕ್ಕ. "ನಾನಲ್ಲ ಕಣೆ. ನಮ್ಮವ್ವ ಬಾಗ್ಲಿಗೆ ನೀರಾಕ್ತಾ ಇತ್ತಲ್ಲ, ಬಸ್ಸು ಓಗೋದ ನೋಡ್ಕಂಡು ‘ಬಿಡ್ತು ಕಣ್ಲಾ’ ಅಂತ ಅಲ್ಲಿಂದ್ಲೇ ಕೂಗೋದು. ನಾನು ಕಂಬಳಿಯೊಳಗೇ ಒತ್ತುತಿದ್ದೆ."

ರಂಗಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಅವನು ಆ ಡಿಸೆಂಬರಿನ ಸಾಲುಗಳನ್ನು ಒಂದನೆಯ ತಾರೀಖಿನಿಂದ ಮೂವತ್ತೊಂದರವರೆಗೆ ನಿಧಾನವಾಗಿ ಕೆಳಗೆ ಸರಿಸುತ್ತ ಹೋದ. ಆಮೇಲೆ "ಅಷ್ಟನ್ನ ಬ್ಯಾರೆಯಾಗಿ ನನ್ನ ಪೆನ್‌ಡ್ರೈವಿಗೆ ಹಾಕ್ಕೊಡು ಮಾಲಿನಿ," ಎಂದ. ಹಾಕಿಕೊಟ್ಟೆ.

ಸೈಟು ನಿಲ್ಲುವವರೆಗೆ ಇನ್ನೂ ಮೂರು ವಾರವಿತ್ತು. ಅಲ್ಲಿಯವರೆಗೆ ಮೊದಲ ಪುಟದಲ್ಲಿ ಏನು ಬರೆಯುವುದು ಎಂದು ಚರ್ಚೆಯಾಯಿತು. ದೀಪ ಎಲ್ಲರಿಗೂ ವಂದನೆ ಹೇಳಬೇಕೆಂದಳು. ಮಣಿಕಂಠ ನಮ್ಮ ನಾಲ್ವರ ಹೆಸರು ಹಾಕಬೇಕೆಂದ. ನಾನು ಒಂದು ಉದ್ದದ ಪ್ಯಾರಾ ಬರೆದು ಅಳಿಸಿದೆ. ಕೊನೆಗೆ ಪವಿತ್ರ ಕೀಬೋರ್ಡನ್ನು ತನ್ನ ಕಡೆ ಎಳೆದುಕೊಂಡು, ತಡವರಿಸದೆ ಟೈಪ್ ಮಾಡಿದಳು:

‘ಈ ಸಮಯಗಳನ್ನು ಈಗ ಯಾರೂ ಹೋಗಿ ನೋಡುತ್ತಿಲ್ಲ. ದಯವಿಟ್ಟು ನಿಲ್ದಾಣದಲ್ಲಿ ಕೇಳಿ.’

ಅದನ್ನು ಉಳಿಸಿ, ಕಂಪ್ಯೂಟರು ಆರಿಸಿ, ಲ್ಯಾಬಿಗೆ ಬೀಗ ಹಾಕಿಸಿ ಹೊರಬಂದೆವು. ದೀಪಳಿಗೆ ಹಸಿವಾಗಿತ್ತು. ನಾಲ್ವರೂ ಹತ್ತಿರದ ಹೋಟೆಲಿಗೆ ಹೋಗಿ ಮಸಾಲೆ ದೋಸೆ ಹೇಳಿ, ಅದು ಬರುವವರೆಗೆ ದೀಪಳ ಮಗಳ ಶಾಲೆಯ ಬಗ್ಗೆ ಮಾತಾಡುತ್ತ ಕೂತೆವು.